ಹುಲ್ಲುಗೆಂಡೆಗೆ ಫ್ಲೈ ಗಾಳ: ಬೆದರುವ ಮೀನನ್ನು ಬೆದರಿಸದೆ ಹಿಡಿಯುವ ಕ್ರಮ

ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಕೈತಪ್ಪುವುದು ಹೆಚ್ಚಾಗಿ ಗಾಳ ನೀರಿಗೆ ಬೀಳುವ ಮೊದಲೇ. ಹತ್ತು ಕಿಲೋ ತೂಗುವ ಮೀನು ದಡದ ನೆರಳಲ್ಲಿ ನಿಶ್ಚಲವಾಗಿ ನಿಂತಿರುತ್ತದೆ. ನೀವು ಇನ್ನೂ ಲೈನ್ ಬಿಚ್ಚುತ್ತಿರುವಾಗಲೇ ಅದು ಸದ್ದಿಲ್ಲದೆ ಆಳಕ್ಕೆ ಇಳಿದಿರುತ್ತದೆ. ಯಾವ ಫ್ಲೈ (ಕೊಕ್ಕೆಗೆ ದಾರ, ಕೂದಲು ಸುತ್ತಿ ಮಾಡುವ ಹಗುರ ಕೃತಕ ಎರೆ) ಕಟ್ಟಬೇಕು ಎಂಬ ಚರ್ಚೆಗೆ ಮೀನುಗಾರರು ಕೊಡುವ ಸಮಯದ ಅರ್ಧದಷ್ಟನ್ನು ದಡದ ಮೇಲೆ ಹೇಗೆ ನಡೆಯಬೇಕು ಎಂಬುದಕ್ಕೆ ಕೊಟ್ಟರೆ ಈ ಮೀನು ಈಗಿನಷ್ಟು ಕಷ್ಟದ್ದಾಗಿ ಉಳಿಯುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಎಸೆತಕ್ಕಿಂತ ಮೊದಲಿನ ಮಾತೇ ಹೆಚ್ಚು.

ಇಲ್ಲಿ ಹೇಳುವುದು ಮುಖ್ಯವಾಗಿ ಅಮೆರಿಕದ ಅರಿಜೋನಾ ಮತ್ತು ಟೆಕ್ಸಸ್ ಕಡೆಯ ಕಾಲುವೆ, ಗಾಲ್ಫ್ ಮೈದಾನದ ಹೊಂಡ, ಬಡಾವಣೆಯ ಕೆರೆಗಳಿಗೆ ಹೊಂದುವ ಕ್ರಮ. ಫ್ಲೈ ರಾಡ್ ಹಿಡಿದು ಈ ಮೀನಿನ ಹಿಂದೆ ಬೀಳುವವರು ಅಲ್ಲಿ ಬಹಳ. ಫೀನಿಕ್ಸ್, ಚಾಂಡ್ಲರ್, ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಈ ಮೀನು ಇರಬಹುದು. ಕರ್ನಾಟಕದ ಕೃಷಿ ಹೊಂಡಗಳ ಬಗ್ಗೆ ಕೊನೆಯಲ್ಲಿ ಬರುತ್ತದೆ.

ಮೊದಲು ಕಾನೂನು

ಹುಲ್ಲುಗೆಂಡೆಯ ಮೂಲ ನೆಲೆ ಪೂರ್ವ ಏಷ್ಯಾ. ರಷ್ಯಾ ಮತ್ತು ಚೀನಾದ ಗಡಿಯ ಅಮುರ್ ನದಿಯಿಂದ ದಕ್ಷಿಣ ಚೀನಾದವರೆಗೆ. ಅರಿಜೋನಾದಲ್ಲಿ ಇದನ್ನು ವೈಟ್ ಅಮುರ್ ಎಂದೇ ಕರೆಯುತ್ತಾರೆ. ಜಲಕಳೆ ತಿನ್ನಿಸಲೆಂದು 1963ರಲ್ಲಿ ಅಮೆರಿಕಕ್ಕೆ ತಂದರು. ತಪ್ಪಿಸಿಕೊಂಡು ನದಿಗಳಲ್ಲಿ ಮರಿ ಮಾಡತೊಡಗಿದ ಮೇಲೆ ಹಲವು ರಾಜ್ಯಗಳು ಸಂತಾನಶಕ್ತಿಯಿಲ್ಲದ ಟ್ರಿಪ್ಲಾಯ್ಡ್ ಮೀನನ್ನು ಮಾತ್ರ ಬಿಡಬೇಕೆಂದು ನಿಯಮ ಮಾಡಿದವು. ಫಲಗೊಂಡ ಮೊಟ್ಟೆಗೆ ಒತ್ತಡದ ಅಥವಾ ತಾಪದ ಆಘಾತ ಕೊಟ್ಟು ಪ್ರತಿ ವರ್ಣತಂತುವಿನ ಎರಡು ಪ್ರತಿಯ ಬದಲು ಮೂರು ಪ್ರತಿ ಇರುವಂತೆ ಮಾಡಿದ ಮೀನು ಅದು. ಪರೀಕ್ಷೆಯಾಗಿ, ಪ್ರಮಾಣೀಕರಿಸಿ ಮಾರಾಟವಾಗುವುದರಿಂದ ಬೆಲೆಯೂ ಹೆಚ್ಚು.

ಫೀನಿಕ್ಸ್ ಸುತ್ತ ನೀರು ಪೂರೈಸುವ ಸಂಸ್ಥೆಯಾದ ಸಾಲ್ಟ್ ರಿವರ್ ಪ್ರಾಜೆಕ್ಟ್‌ನ ಕಾಲುವೆಗಳ ಒಟ್ಟು ಉದ್ದ 131 ಮೈಲಿ. ಅಲ್ಲಿ ಕಳೆ ತೆಗೆಯುವ ಕೆಲಸ ಮಾಡುತ್ತಿರುವುದು ಈ ಮೀನುಗಳೇ. ಅರಿಜೋನಾದ ಮೀನುಗಾರಿಕೆ ಲೈಸೆನ್ಸ್ ಇದ್ದರೆ ದಡದಿಂದ ಗಾಳ ಹಾಕಬಹುದು, ಆದರೆ ಸಿಕ್ಕ ವೈಟ್ ಅಮುರ್ ಅನ್ನು ತಕ್ಷಣ ನೀರಿಗೆ ಬಿಡಬೇಕು. ಕಾಲುವೆಗೆ ಇಳಿಯುವುದು, ಈಜುವುದು ನಿಷಿದ್ಧ. ಟೆಕ್ಸಸ್‌ನಲ್ಲೂ ಪರವಾನಗಿ ಪಡೆದು ಹುಲ್ಲುಗೆಂಡೆ ಬಿಟ್ಟಿರುವ ಕೆರೆಗಳಲ್ಲಿ ಹಿಡಿದದ್ದನ್ನು ಬಿಡಲೇಬೇಕು. ಗಾಲ್ಫ್ ಮೈದಾನ ಮತ್ತು ಬಡಾವಣೆಯ ಕೆರೆ ಖಾಸಗಿ ಜಾಗ, ಒಪ್ಪಿಗೆಯಿಲ್ಲದೆ ಕಾಲಿಡಬೇಡಿ. ಹೊರಡುವ ಮುಂಚೆ ಆ ರಾಜ್ಯದ ಆ ವರ್ಷದ ನಿಯಮಾವಳಿಯನ್ನು ಒಮ್ಮೆ ಓದಿ. ಕಾನೂನು ಎಲ್ಲಿ ಸಡಿಲವಿದ್ದರೂ ನಮ್ಮ ಸಲಹೆ ಒಂದೇ: ಬಿಟ್ಟುಬಿಡಿ. ಮರಿ ಮಾಡಲಾರದ ಮೀನೊಂದನ್ನು ತೆಗೆದರೆ ಆ ಜಾಗವನ್ನು ತುಂಬುವುದು ಮತ್ತೆ ಹಣ ಕೊಟ್ಟು ತಂದ ಮೀನು ಮಾತ್ರ.

ಫೀನಿಕ್ಸ್ ಕಾಲುವೆಗಳನ್ನು ಚಳಿಗಾಲದಲ್ಲಿ ದುರಸ್ತಿಗೆಂದು ಭಾಗಭಾಗವಾಗಿ ಖಾಲಿ ಮಾಡುತ್ತಾರೆ. ಆ ವೇಳಾಪಟ್ಟಿ ನೋಡದೆ ಹೋದರೆ ಒಣಗಿದ ಕಾಂಕ್ರೀಟು ನೋಡಿಕೊಂಡು ಬರಬೇಕಾಗುತ್ತದೆ.

ಮೀನಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ

ಗೆಂಡೆ ಜಾತಿಯ ಮೀನುಗಳಲ್ಲಿ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಸರಪಳಿಯೊಂದಿದೆ. ಗಾಳಿಚೀಲಕ್ಕೆ ತಟ್ಟಿದ ಕಂಪನ ಅದರ ಮೂಲಕ ಕಿವಿಗೆ ಹೋಗುತ್ತದೆ, ಆದ್ದರಿಂದ ಇವುಗಳ ಶ್ರವಣ ಬೇರೆ ಎಷ್ಟೋ ಮೀನುಗಳಿಗಿಂತ ಚುರುಕು. ನಿಮ್ಮ ಮಾತು ಅದಕ್ಕೆ ಅಷ್ಟಾಗಿ ಮುಟ್ಟುವುದಿಲ್ಲ, ಗಾಳಿಯಲ್ಲಿನ ಸದ್ದಿನ ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ಮುಟ್ಟುವುದು ನೆಲದಲ್ಲಿ ಸಾಗುವ ಅದುರು: ಜಲ್ಲಿಯ ಮೇಲೆ ಬೂಟಿನ ಹಿಮ್ಮಡಿ ಊರಿದ್ದು, ನೆಟ್‌ನ ಹಿಡಿ ಕಾಂಕ್ರೀಟಿಗೆ ಬಡಿದದ್ದು. ಮೆತ್ತನೆಯ ಅಟ್ಟೆಯ ಬೂಟು ಹಾಕಿ. ಪಾದದ ಹೊರ ಅಂಚು ಮೊದಲು ಊರಿ, ಆಮೇಲೆ ಭಾರ ಹಾಕಿ. ಹುಲ್ಲಿನ ಅಂಚು ಇದ್ದರೆ ಹುಲ್ಲಿನ ಮೇಲೇ ನಡೆಯಿರಿ.

ಕಣ್ಣಿನ ಲೆಕ್ಕ ಇನ್ನೂ ಸ್ಪಷ್ಟ. ನೀರೊಳಗಿನ ಮೀನಿಗೆ ಹೊರಗಿನ ಲೋಕವೆಲ್ಲ ಕಾಣುವುದು ತಲೆಯ ಮೇಲಿನ ಒಂದು ದುಂಡನೆಯ ಕಿಂಡಿಯಲ್ಲಿ. ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿಗಿಂತ ಕೆಳಗಿರುವುದೆಲ್ಲ ಆ ಕಿಂಡಿಯ ಅಂಚಿನಲ್ಲಿ ಹಿಂಡಿಹೋಗಿ ಮಸುಕಾಗಿರುತ್ತದೆ. ಲೆಕ್ಕ ಹಾಕಿದರೆ 30 ಅಡಿ ದೂರದಲ್ಲಿ ನೀರಿನ ಮಟ್ಟದಿಂದ 5 ಅಡಿ ಎತ್ತರದವರೆಗೆ ನಿಮಗೆ ಮರೆ ಉಂಟು. 20 ಅಡಿಗೆ ಬಂದರೆ ಅದು ಮೂರೂವರೆ ಅಡಿಗೆ ಇಳಿಯುತ್ತದೆ. ದಡವೇ ನೀರಿಗಿಂತ 2 ಅಡಿ ಎತ್ತರವಿದ್ದರೆ ಅಷ್ಟನ್ನು ಇದರಿಂದ ಕಳೆಯಿರಿ. ಅಂದರೆ 30 ಅಡಿಯಲ್ಲಿ ಬಗ್ಗಬೇಕು, 20 ಅಡಿಯಲ್ಲಿ ಮಂಡಿಯೂರಿ ಕೂರಲೇಬೇಕು. ತಲೆಯ ಮೇಲೆ ಬೀಸುವ 9 ಅಡಿಯ ರಾಡ್ ಈ ಲೆಕ್ಕವನ್ನೆಲ್ಲ ಮೀರುತ್ತದೆ, ಹಾಗಾಗಿ ಹತ್ತಿರದಲ್ಲಿ ಅದನ್ನು ನೆಲಕ್ಕೆ ಸಮಾನಾಂತರವಾಗಿ ಪಕ್ಕದಿಂದ ಬೀಸಬೇಕು. ತಿಳಿಬಣ್ಣದ ಅಂಗಿ, ಹೊಳೆಯುವ ಗಡಿಯಾರ ಬೇಡ. ಕಂದು, ಮಾಸಲು ಹಸಿರು ಸಾಕು.

ಹುಲ್ಲುಗೆಂಡೆಯ ಕಣ್ಣು ತಲೆಯ ಬದಿಯಲ್ಲಿ ಸಾಕಷ್ಟು ಕೆಳಗೆ, ಬಾಯಿಯ ಮಟ್ಟಕ್ಕೆ ಹತ್ತಿರವಿದೆ. ಬೆನ್ನ ಹಿಂದೆ, ಬಾಲದ ನೇರಕ್ಕೆ ಅದಕ್ಕೆ ಏನೂ ಕಾಣದು. ನೀವು ಬರಬೇಕಾದ ದಾರಿ ಅದೇ.

ಸಲಕರಣೆ

ರಾಡ್ 9 ಅಡಿ, 7 ಅಥವಾ 8 ತೂಕದ್ದು (ಇದು ರಾಡ್ ತೂಗುವ ಭಾರವಲ್ಲ, ಅದು ಬೀಸಬಲ್ಲ ಲೈನ್‌ನ ಶ್ರೇಣಿ). ಸಣ್ಣ ಹೊಂಡಕ್ಕೆ 6 ಕೂಡ ನಡೆಯುತ್ತದೆ, ಆದರೆ ಹತ್ತು ಕಿಲೋ ಮೀನನ್ನು ಅದರಲ್ಲಿ ಬೇಗ ದಡಕ್ಕೆ ತರಲಾಗದು, ಬೇಸಿಗೆಯಲ್ಲಿ ತಡವಾದಷ್ಟೂ ಮೀನಿಗೆ ಅಪಾಯ. ಲೈನ್ ತೇಲುವ ವೇಟ್ ಫಾರ್ವರ್ಡ್ (ಮುಂಭಾಗ ಭಾರವಿರುವಂಥದ್ದು), ಬಣ್ಣ ಮಂಕಾದ ಹಸಿರು ಅಥವಾ ಬೂದು. ಹಿಂದೆ 20 ಪೌಂಡಿನ ಬ್ಯಾಕಿಂಗ್ (ರೀಲ್‌ನಲ್ಲಿ ಲೈನ್‌ನ ಕೆಳಗೆ ಸುತ್ತಿಡುವ ಹೆಚ್ಚುವರಿ ದಾರ) 100 ಗಜ.

ಲೀಡರ್ (ಲೈನ್‌ಗೂ ಫ್ಲೈಗೂ ನಡುವಿನ ಪಾರದರ್ಶಕ ದಾರ) ಒಟ್ಟು 11ರಿಂದ 12 ಅಡಿ ಇರಲಿ. 7.5 ಅಡಿಯ 0ಎಕ್ಸ್ ಟೇಪರ್ ಲೀಡರ್ ತಂದು, ತುದಿಗೆ ಸುಮಾರು 4 ಅಡಿ 2ಎಕ್ಸ್ ಟಿಪೆಟ್ (ಫ್ಲೈ ಕಟ್ಟುವ ತೆಳು ತುದಿದಾರ) ಅನ್ನು ಡಬಲ್ ಸರ್ಜನ್ ಗಂಟಿನಲ್ಲಿ ಸೇರಿಸುವುದು ಸುಲಭದ ದಾರಿ. 2ಎಕ್ಸ್ ಅಂದರೆ 0.009 ಇಂಚು, ಸುಮಾರು 0.23 ಮಿಲಿಮೀಟರ್ ದಪ್ಪ. ಜೊಂಡು ದಟ್ಟವಾಗಿದ್ದರೆ ಅದಕ್ಕಿಂತ ದಪ್ಪನೆಯ 1ಎಕ್ಸ್ ಬಳಸಿ. 3ಎಕ್ಸ್‌ಗೆ ಇಳಿಯುವ ಆಸೆ ಬೇಡ. ಮೀನು ಬೆದರುವುದು ಟಿಪೆಟ್‌ನ ದಪ್ಪಕ್ಕಿಂತ ಅದು ನೀರ ಮೇಲೆ ಬಿದ್ದ ರೀತಿಗೆ. ತೇಲುವ ಫ್ಲೈಗೆ ನೈಲಾನ್ ಟಿಪೆಟ್, ಮುಳುಗುವುದಕ್ಕೆ ಫ್ಲೋರೋಕಾರ್ಬನ್: ಫ್ಲೋರೋಕಾರ್ಬನ್ ನೀರಿಗಿಂತ ಬಹಳ ಭಾರ, ತೇಲುವ ಫ್ಲೈಯ ಮೂಗನ್ನು ಕೆಳಗೆಳೆಯುತ್ತದೆ. ಗಂಟನ್ನು ಬಿಗಿಯುವ ಮೊದಲು ಬಾಯಲ್ಲಿ ಒದ್ದೆ ಮಾಡಿಕೊಳ್ಳಿ.

ರೀಲ್‌ನ ಡ್ರ್ಯಾಗ್ (ಮೀನು ಲೈನ್ ಎಳೆದೊಯ್ಯುವಾಗ ತಡೆಯೊಡ್ಡುವ ಬಿಗಿ) ಅನ್ನು ಅಂದಾಜಿಗೆ ಬಿಡಬೇಡಿ. ಒಂದು ಲೀಟರ್ ನೀರು ತುಂಬಿದ ಬಾಟಲಿಗೆ ಲೈನ್ ಕಟ್ಟಿ, ರೀಲ್ ಕೈಯಲ್ಲಿ ಹಿಡಿದು ನೇರಕ್ಕೆ ಎತ್ತಿ. ಬಾಟಲಿ ನೆಲ ಬಿಟ್ಟು ಮೆಲ್ಲಗೆ ಜಾರಿ ಇಳಿಯುವಷ್ಟು ಬಿಗಿ ಇದ್ದರೆ ಡ್ರ್ಯಾಗ್ ಸುಮಾರು ಒಂದು ಕಿಲೋಗೆ ನಿಂತಿದೆ ಎಂದರ್ಥ. 2ಎಕ್ಸ್ ಟಿಪೆಟ್‌ಗೆ ಅದು ಸರಿ.

ಧ್ರುವೀಕೃತ ಕನ್ನಡಕ ಇಲ್ಲದೆ ಹೋಗುವುದು ವ್ಯರ್ಥ. ತಾಮ್ರದ ಬಣ್ಣದ ಗಾಜು ಹಸಿರು ನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನೆಟ್‌ನ ಬಾಯಿ 65 ಸೆಂಟಿಮೀಟರ್‌ಗೆ ಕಡಿಮೆಯಾಗದೆ ರಬ್ಬರ್ ಬಲೆಯದ್ದಿರಲಿ. ಇಳಿಜಾರಿನ ಕಾಂಕ್ರೀಟ್ ಕಾಲುವೆಗೆ ಹಿಡಿ 2 ಮೀಟರಾದರೂ ಬೇಕು.

ಯಾವ ಫ್ಲೈ

ಇದು ಸಸ್ಯ ತಿನ್ನುವ ಮೀನು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಅವುಗಳಿಂದ ಎಲೆಯನ್ನು ಹರಿದು ಅರೆಯುತ್ತದೆ. ಆದರೂ ಎದುರಿಗೆ ಬಂದ ಹುಳು, ನಿಂಫ್‌ಗಳನ್ನು (ನೀರಲ್ಲಿರುವ ಕೀಟದ ಮರಿಗಳನ್ನು) ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ನಾಲ್ಕು ಬಗೆ ಇದ್ದರೆ ಸಾಕು, ಆಯ್ಕೆ ಮಾಡುವುದು ಆ ದಿನ ಆ ನೀರಿಗೆ ಏನು ಬೀಳುತ್ತಿದೆ ಎಂಬುದನ್ನು ನೋಡಿ.

ಎಲ್ಲಕ್ಕಿಂತ ಒಳ್ಳೆಯ ಅವಕಾಶ ಹಿಪ್ಪುನೇರಳೆ ಹಣ್ಣಿನ ಕಾಲ. ರೇಷ್ಮೆಯ ಸೀಮೆಯಿಂದ ಬಂದವರಿಗೆ ಆ ಗಿಡವನ್ನು ಗುರುತಿಸಲು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎಲೆಗಾಗಿ ಕತ್ತರಿಸುವವರಿಲ್ಲದ ಅಲ್ಲಿ ಅದು ದೊಡ್ಡ ಮರವಾಗಿ ನೀರಿನ ಮೇಲೆ ಚಾಚಿ, ವಸಂತದಲ್ಲಿ ಕೆಲವು ವಾರ ಹಣ್ಣು ಉದುರಿಸುತ್ತದೆ. ಗೆಂಡೆಗಳು ಮರದ ಕೆಳಗೇ ಬೀಡುಬಿಡುತ್ತವೆ. ಹಣ್ಣು ಬಿದ್ದ ‘ಟಪ್’ ಸದ್ದಿಗೆ ತಿರುಗಿ ಬಂದು ನುಂಗುತ್ತವೆ. ಸದ್ದು ಮೀನನ್ನು ಓಡಿಸದೆ ಕರೆತರುವ ಸಂದರ್ಭ ಇದು, ಅಲ್ಲಿ ಫ್ಲೈ ಸ್ವಲ್ಪ ಸದ್ದು ಮಾಡಿ ಬೀಳುವುದೇ ಒಳ್ಳೆಯದು. ಕಟ್ಟುವ ಕ್ರಮ ಹೀಗೆ: ಅಗಲ ಬಾಯಿಯ ಗಟ್ಟಿ 6ನೇ ಅಳತೆಯ (ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು) ಕೊಕ್ಕೆಗೆ ನೇರಳೆ ಅಥವಾ ಕಪ್ಪು ದಾರ ಸುತ್ತಿ ತಳಪಾಯ ಮಾಡಿ. ಹಿಂದೆ ಮೈತುಂಬ ನವಿರು ಎಳೆಗಳಿರುವ ತಿಳಿಹಸಿರು ಶೆನಿಲ್ ದಾರದ 5 ಮಿಲಿಮೀಟರ್ ತುಂಡೊಂದನ್ನು ತೊಟ್ಟಿನಂತೆ ಕಟ್ಟಿ. ಅದರ ಮುಂದೆ ಗಾಢ ನೇರಳೆ ಬಣ್ಣದ ಜಿಂಕೆ ಕೂದಲನ್ನು ಎರಡು ಮೂರು ಕಂತೆಯಾಗಿ ತಿರುಗಿಸಿ ಒತ್ತಿ, 12ರಿಂದ 15 ಮಿಲಿಮೀಟರ್ ಉದ್ದದ ಹಣ್ಣಿನ ಆಕಾರಕ್ಕೆ ಕತ್ತರಿಸಿ. ಕೆಳಭಾಗವನ್ನು ಚಪ್ಪಟೆಯಾಗಿ, ಆದಷ್ಟು ಬೋಳಾಗಿ ಕತ್ತರಿಸುವುದನ್ನು ಮರೆಯಬೇಡಿ. ಕೊಕ್ಕೆಯ ಬಾಯಲ್ಲಿ ಕೂದಲು ತುಂಬಿಕೊಂಡರೆ ಮೀನು ನುಂಗಿದರೂ ಮೊನೆ ತುಟಿಗೆ ಇಳಿಯುವುದಿಲ್ಲ, ಎಳೆದಾಗ ಫ್ಲೈ ಬರಿದೇ ಹೊರಬರುತ್ತದೆ. ಹೊಸಬರ ಫ್ಲೈಗಳಲ್ಲಿ ಇದಕ್ಕಿಂತ ಸಾಮಾನ್ಯ ದೋಷ ಇನ್ನೊಂದಿಲ್ಲ. ಹಣ್ಣು ನಿಧಾನ ಮುಳುಗುವ ಜಾಗಕ್ಕೆ ಕೂದಲಿನ ಬದಲು ನೇರಳೆ ಶೆನಿಲ್ ಸುತ್ತಿದ ಇನ್ನೆರಡು ಇಟ್ಟುಕೊಳ್ಳಿ.

ಹುಲ್ಲಿನ ಫ್ಲೈ ವರ್ಷದ ಉಳಿದ ಕಾಲಕ್ಕೆ. 8ನೇ ಅಳತೆಯ ಕೊಕ್ಕೆ, ಆಲಿವ್ ಬಣ್ಣದ ಡಬ್ಬಿಂಗ್‌ನ (ದಾರಕ್ಕೆ ಹೊಸೆದು ಸುತ್ತುವ ನಾರು) ತೆಳು ಮೈ, ತಲೆಯ ಬಳಿ 4 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಹಸಿರು ಅಲ್ಟ್ರಾಸ್ವೇಡ್ (ಮೃದುವಾದ ಕೃತಕ ಚರ್ಮ) ಪಟ್ಟಿ. ಸೀಸ ಸುತ್ತಬೇಡಿ, ಹುಲ್ಲಿನ ಎಸಳು ಕಲ್ಲಿನಂತೆ ಮುಳುಗುವುದಿಲ್ಲ. ಗಾಲ್ಫ್ ಮೈದಾನದ ಹೊಂಡದಲ್ಲಿ ಹುಲ್ಲು ಕತ್ತರಿಸುವ ದಿನ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಯಂತ್ರ ಹೋದ ಒಂದೆರಡು ಗಂಟೆಯಲ್ಲಿ ಗಾಳಿ ತಳ್ಳಿಕೊಂಡು ಹೋಗುವ ಕಡೆಯ ದಡದಲ್ಲಿ ಎಸಳುಗಳು ಸೇರಿ ಹಾಸಾಗುತ್ತವೆ, ಗೆಂಡೆಗಳು ಅದರ ಅಂಚಿನಲ್ಲೇ ಬಾಯಾಡಿಸುತ್ತಿರುತ್ತವೆ.

ಬಾತುಕೋಳಿಗಳಿಗೆ ಜನ ಬ್ರೆಡ್ ಹಾಕುವ ಕೆರೆಗಳಿಗೆ ಬಿಳಿ ಜಿಂಕೆ ಕೂದಲಿನ 8ನೇ ಅಳತೆಯ ಬ್ರೆಡ್ ಫ್ಲೈ. ತೇಲಿಸುವ ಎಣ್ಣೆಯನ್ನು ಮೇಲಿನ ಅರ್ಧಕ್ಕೆ ಮಾತ್ರ ಹಚ್ಚಿ, ನೆನೆದ ಬ್ರೆಡ್ಡಿನಂತೆ ಅರ್ಧ ಮುಳುಗಿ ನಿಲ್ಲುತ್ತದೆ. ಬ್ರೆಡ್ ಎರಚಿ ಮೀನನ್ನು ಸೇರಿಸುವುದು ಕೆಲವು ಕಡೆ ನಿಯಮಕ್ಕೆ ವಿರುದ್ಧ. ನಿಯಮವಿಲ್ಲದ ಕಡೆಯೂ ನಾಲ್ಕೈದು ಚೂರಿಗಿಂತ ಹೆಚ್ಚು ಹಾಕಿದರೆ ಬಾತುಗಳೇ ಬಂದು ಮುತ್ತುತ್ತವೆ.

ನಾಲ್ಕನೆಯದು ಆಲಿವ್ ಅಥವಾ ಕಂದು ಬಣ್ಣದ ಸಾದಾ ನಿಂಫ್, 10ನೇ ಅಳತೆ. ಎಲ್ಲ ಫ್ಲೈಗಳ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿರಬೇಕು.

ನೋಡುವ ಕೆಲಸ

ನೀರಿನ ಬಳಿಗೆ ಹೋದ ಕೂಡಲೇ ಲೈನ್ ಬಿಚ್ಚಬೇಡಿ. ದಡದಿಂದ ಹಿಂದೆ, ಮರದ ಮರೆಯಲ್ಲಿ ನಿಂತು ಹತ್ತು ಹದಿನೈದು ನಿಮಿಷ ಬರಿದೇ ನೋಡಿ. ಈ ಮೀನು ಮೂರು ಸ್ಥಿತಿಯಲ್ಲಿ ಸಿಗುತ್ತದೆ.

ಮೇಲ್ಮೈಯಲ್ಲಿ ಮರದ ದಿಮ್ಮಿಯಂತೆ ಅಲುಗದೆ ತೇಲುತ್ತಿರುವ ಮೀನು ಬಿಸಿಲು ಕಾಯುತ್ತಿದೆ, ತಿನ್ನುತ್ತಿಲ್ಲ. ಹೊಸಬರು ಸಮಯ ಹಾಳುಮಾಡುವುದು ಇದರ ಮೇಲೇ. ಎಷ್ಟು ಚಂದ ಎಸೆದರೂ ಬಹುಪಾಲು ಅದು ಮುಖ ತಿರುಗಿಸಿ ಹೋಗುತ್ತದೆ, ಹೋಗುವಾಗ ಜೊತೆಯವನ್ನೂ ಕರೆದೊಯ್ಯುತ್ತದೆ. ಬಿಟ್ಟುಬಿಡಿ. ದಡದುದ್ದಕ್ಕೆ ಒಂದೇ ವೇಗದಲ್ಲಿ ಸಾಗುವ ಮೀನಿನ ಮೇಲೆ ಆಸೆ ಇಡಬಹುದು, ಯಾಕೆಂದರೆ ಬಹಳ ಸಲ ಅದು ಅದೇ ದಾರಿಯಲ್ಲಿ ಸುತ್ತಿ ಬರುತ್ತದೆ. ಒಂದು ಸುತ್ತು ನೋಡಿ ದಾರಿ ತಿಳಿದುಕೊಂಡು, ಎರಡನೆಯ ಸುತ್ತಿಗೆ ಫ್ಲೈ ಅನ್ನು ಮುಂಚೆಯೇ ದಾರಿಯಲ್ಲಿಟ್ಟು ಕಾಯಬೇಕು. ಮೂರನೆಯದು ತಿನ್ನುತ್ತಿರುವ ಮೀನು: ತಲೆ ಕೆಳಗೆ, ಬಾಲ ಮೇಲೆ, ಅಥವಾ ಮೇಲ್ಮೈಯಲ್ಲಿ ತುಟಿಯ ‘ಚಪ್’ ಸದ್ದು, ಅಲುಗುವ ಜೊಂಡಿನ ತುದಿ, ತೇಲಿಬರುವ ಕತ್ತರಿಸಿದ ಕಳೆಯ ತುಣುಕು. ನಿಮ್ಮ ದಿನ ಇರುವುದು ಈ ಮೀನಿನ ಮೇಲೆ.

ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹುಲ್ಲುಗೆಂಡೆ ಚೆನ್ನಾಗಿ ತಿನ್ನುತ್ತದೆ, ತಣ್ಣಗಾದಷ್ಟೂ ಹಸಿವು ಇಳಿಯುತ್ತದೆ. ಸೂರ್ಯ ಎತ್ತರದಲ್ಲಿದ್ದಾಗ ಮೀನು ನಿಮಗೆ ಚೆನ್ನಾಗಿ ಕಾಣುತ್ತದೆ, ಬೆಳಗಿನ ಹೊತ್ತು ಅದು ಹೆಚ್ಚು ನಿರಾಳವಾಗಿರುತ್ತದೆ. ಎರಡೂ ಕೂಡುವುದು ಬೆಳಗ್ಗೆ ಎಂಟರಿಂದ ಹತ್ತೂವರೆಯವರೆಗೆ. ಬೆನ್ನ ಹಿಂದಿನ ಸೂರ್ಯ ಕಣ್ಣಿಗೆ ಅನುಕೂಲವಾದರೂ ನೆರಳನ್ನು ಮೀನಿನ ಮೇಲೆ ಚೆಲ್ಲುತ್ತಾನೆ, ಆದ್ದರಿಂದ ಸೂರ್ಯ ಒಂದು ಹೆಗಲ ಪಕ್ಕ ಇರುವಂತೆ ನಿಲ್ಲಿ.

ಎಸೆತ

ಬಾಲದ ಕಡೆಯಿಂದ, ಓರೆಯಾಗಿ, 30ರಿಂದ 35 ಅಡಿಯವರೆಗೆ ಬನ್ನಿ. ಮಂಡಿಯೂರಿ. ಬೇಕಾದಷ್ಟು ಲೈನ್ ಅನ್ನು ಮೊದಲೇ ಎಳೆದು ಪಕ್ಕದ ಹುಲ್ಲಿನ ಮೇಲೆ ಸುರುಳಿ ಹಾಕಿ. ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ, ಅದೂ ಮೀನಿನಿಂದ ಬೇರೆ ದಿಕ್ಕಿಗೆ.

ನೇರ ತಲೆಯ ಮೇಲೆ ಎಸೆಯಬೇಡಿ. ಮೀನಿನ ಮೂಗಿಗಿಂತ 4-5 ಅಡಿ ಮುಂದೆ, 2-3 ಅಡಿ ಆಚೆ ಫ್ಲೈ ಬೀಳಲಿ. ನೀರ ಮೇಲಿನ ಅಲೆ ಅಡಗಿದ ಮೇಲೆ ರಾಡ್‌ನ ತುದಿ ಎತ್ತಿ, ಫ್ಲೈ ಅನ್ನು ಮೇಲ್ಮೈಯಲ್ಲೇ ನಿಧಾನಕ್ಕೆ ಎಳೆದು ಮೀನು ಬರುವ ದಾರಿಗೆ ತನ್ನಿ. ಮೂಗಿನ ಮುಂದೆ ಒಂದೂವರೆ ಅಡಿ ಇರುವಾಗ ರಾಡ್ ಇಳಿಸಿಬಿಡಿ. ಮುಳುಗುವ ಫ್ಲೈ ಅಲ್ಲೇ ಇಳಿಯುತ್ತದೆ, ತೇಲುವುದು ಅಲ್ಲೇ ನಿಲ್ಲುತ್ತದೆ. ಇನ್ನು ಮೇಲೆ ಕೈ ಆಡಿಸಬಾರದು. ಬೇರೆ ಮೀನಿಗೆ ಮಾಡುವಂತೆ ಫ್ಲೈಗೆ ಜೀವ ತುಂಬಲು ಎಳೆದಾಡಿದರೆ ಕೆಲಸ ಕೆಟ್ಟಿತು. ಹುಲ್ಲು ಈಜುವುದಿಲ್ಲ ಎಂಬುದು ಈ ಮೀನಿಗೆ ಗೊತ್ತು.

ಕಣ್ಣಿಗೆ ಕಾಣುವ ಆಳ ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ, ಓರೆಯಾಗಿ ನೋಡಿದಾಗ ಇನ್ನೂ ಕಡಿಮೆ. ಒಂದೂವರೆ ಅಡಿ ಆಳದಲ್ಲಿದೆ ಅನ್ನಿಸಿದ ಮೀನು ಎರಡು ಅಡಿಗೂ ಕೆಳಗಿರುತ್ತದೆ, ಫ್ಲೈ ಅಷ್ಟು ಇಳಿಯಲು ಸಮಯ ಕೊಡಿ.

ಹರಿಯುವ ಕಾಲುವೆಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೀನು ಪ್ರವಾಹಕ್ಕೆ ಮುಖ ಮಾಡಿ ನಿಂತಿರುತ್ತದೆ, ಹಾಗಾಗಿ ನೀವು ಕೆಳಹರಿವಿನ ಕಡೆಯಿಂದ ಬಂದು ಓರೆಯಾಗಿ ಮೇಲಕ್ಕೆ ಎಸೆಯಬೇಕು, ಮೀನಿನ ಮೇಲೆ ಹಾಯುವುದು ಟಿಪೆಟ್ ಮಾತ್ರವಾಗಿರಬೇಕು. ನೀರು ಸೆಕೆಂಡಿಗೆ ಒಂದು ಅಡಿ ಹರಿಯುತ್ತಿದೆ, ಫ್ಲೈ ಸೆಕೆಂಡಿಗೆ ಅರ್ಧ ಅಡಿ ಮುಳುಗುತ್ತದೆ, ಮೀನು ಎರಡು ಅಡಿ ಆಳದಲ್ಲಿದೆ ಎಂದುಕೊಳ್ಳಿ. ಇಳಿಯಲು ನಾಲ್ಕು ಸೆಕೆಂಡು ಬೇಕು, ಅಷ್ಟರಲ್ಲಿ ಹರಿವು ಅದನ್ನು ನಾಲ್ಕು ಅಡಿ ತಂದಿರುತ್ತದೆ. ಮೀನಿಗಿಂತ ನಾಲ್ಕು ಅಡಿ ಮೇಲೆ ಎಸೆದರೆ ಫ್ಲೈ ಅದರ ಬಾಯಿಯ ಮಟ್ಟದಲ್ಲೇ ಹಾಯುತ್ತದೆ. ಹರಿವಿನ ವೇಗ ತಿಳಿಯಲು ತೇಲುವ ಎಲೆಯೊಂದು ಹತ್ತು ಅಡಿ ಸಾಗಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ನೋಡಿ. ಕಾಂಕ್ರೀಟಿನ ಇಳಿಜಾರಿನ ಮೇಲೆ ಕಾಲಿಡಬೇಡಿ. ನೀರಿನ ಅಂಚಿನ ಪಾಚಿ ಬಹಳ ಜಾರು, ಒಳಗೆ ಬಿದ್ದರೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.

ಬಂದು ನೋಡಿ ಹಿಂದಿರುಗಿದರೆ

ಹುಲ್ಲುಗೆಂಡೆ ಫ್ಲೈಯ ಹತ್ತಿರ ಬಂದು, ಮೂಗು ತಾಗುವಷ್ಟು ನೋಡಿ, ಹಿಂದೆ ಸರಿಯುವುದು ಸಾಮಾನ್ಯ. ಹೇಗೆ ಸರಿಯಿತು ಎಂಬುದರಲ್ಲಿ ಕಾರಣವಿರುತ್ತದೆ. ಬಾಲ ಬಡಿದು ನೀರು ಕಲಕಿ ಓಡಿದರೆ ತಪ್ಪು ನಿಮ್ಮ ಚಲನೆಯದ್ದು ಅಥವಾ ಲೈನ್‌ನ ನೆರಳಿನದ್ದು. ಆ ಜಾಗ ಬಿಟ್ಟು ಮುಂದೆ ಹೋಗಿ, ಅರ್ಧ ಗಂಟೆಯಾದರೂ ಅಲ್ಲಿಗೆ ಹಿಂದಿರುಗಬೇಡಿ. ನಿಧಾನವಾಗಿ ಬಂದು ನಿಧಾನವಾಗಿಯೇ ತಿರುಗಿದರೆ ಫ್ಲೈಯ ದೋಷ: ಬಣ್ಣ ಅಲ್ಲಿನ ಕಳೆಗೆ ಹೊಂದುತ್ತಿಲ್ಲ, ಅಥವಾ ಗಾತ್ರ ದೊಡ್ಡದು. ಒಂದು ಅಳತೆ ಸಣ್ಣದಕ್ಕೆ ಬದಲಿಸಿ. ತೇಲುವ ಫ್ಲೈಯ ಕೆಳಗೆ ಬಂದು ನಿಂತು ಬಾಯಿ ತೆರೆಯದೆ ಹೋದರೆ ಬಹಳ ಸಲ ಕಾರಣ ಎಳೆತ. ತೇಲುತ್ತಿರುವ ಲೈನ್ ಅನ್ನು ಗಾಳಿ ತಳ್ಳಿ, ಫ್ಲೈ ಪಕ್ಕದ ನಿಜವಾದ ಹಣ್ಣಿಗಿಂತ ಬೇರೆ ವೇಗದಲ್ಲಿ ಸರಿಯುತ್ತಿರುತ್ತದೆ. ಟಿಪೆಟ್ ಅನ್ನು ಇನ್ನೂ ಒಂದು ಅಡಿ ಉದ್ದ ಮಾಡಿ, ಎಸೆತದ ಕೊನೆಯಲ್ಲಿ ಸ್ವಲ್ಪ ಸಡಿಲ ಬಿಡಿ.

ಒಂದೇ ಮೀನಿಗೆ ಎರಡು ಎಸೆತ, ತೀರಾ ಆದರೆ ಮೂರು. ನಾಲ್ಕನೆಯದು ಆ ಮೀನಿಗೆ ಮುಂದಿನ ವಾರಕ್ಕೂ ಪಾಠ ಕಲಿಸುತ್ತದೆ. ಹಲವು ವರ್ಷ ಬದುಕುವ ಮೀನಿದು, ಸಣ್ಣ ಹೊಂಡದಲ್ಲಿ ಅದೇ ಹತ್ತಿಪ್ಪತ್ತು ಮೀನುಗಳಿರುತ್ತವೆ.

ಕಚ್ಚಿದಾಗ

ಮುಳುಗಿದ ಫ್ಲೈ ಕಚ್ಚಿದ್ದು ಕೈಗೆ ತಿಳಿಯುವುದು ಅಪರೂಪ, ಕಣ್ಣಿಗೇ ತಿಳಿಯಬೇಕು. ಬಾಯೊಳಗಿನ ಬಿಳುಪು ಮಿಂಚಿದ್ದು, ಕಿವಿರು ಅಗಲವಾದದ್ದು, ಸಾಗುತ್ತಿದ್ದ ಮೀನು ತಟಕ್ಕನೆ ನಿಂತದ್ದು, ಇದರಲ್ಲಿ ಯಾವುದು ಕಂಡರೂ ಲೈನ್ ಅನ್ನು ಎಡಗೈಯಲ್ಲಿ ಒಂದು ಅಡಿ ಗಟ್ಟಿಯಾಗಿ ಎಳೆಯಿರಿ. ರಾಡ್ ಎತ್ತಬೇಡಿ. ಮೀನು ಕಚ್ಚದೇ ಇದ್ದಿದ್ದರೆ ಫ್ಲೈ ಇನ್ನೂ ಅದರ ಮುಂದೆಯೇ ಇರುತ್ತದೆ. ತೇಲುವ ಫ್ಲೈಗೆ ತಾಳ್ಮೆ ಬೇಕು: ಬಾಯಿ ತೆರೆದದ್ದು ಕಂಡಾಗ ಎಳೆದರೆ ಖಾಲಿ, ಬಾಯಿ ಮುಚ್ಚಿ ತಲೆ ಕೆಳಗಾದ ಮೇಲೆ ಎಳೆಯಬೇಕು.

ಕೊಕ್ಕೆ ಸಿಕ್ಕ ಮೊದಲ ಕೆಲವು ಕ್ಷಣ ಈ ಮೀನು ಏನೂ ಆಗದಂತೆ ಹಿಂದೆಯೇ ಬರಬಹುದು. ಆ ಬಿಡುವಿನಲ್ಲಿ ಸಡಿಲ ಲೈನ್ ಎಲ್ಲವನ್ನೂ ರೀಲ್‌ಗೆ ಸುತ್ತಿಕೊಳ್ಳಿ, ಕಾಲ ಬಳಿಯ ಸುರುಳಿಯನ್ನು ನೋಡಿಕೊಳ್ಳಿ. ನಿಮ್ಮನ್ನೋ ನೆಟ್ಟನ್ನೋ ಕಂಡ ಮೇಲೆ ನಿಜವಾದ ಓಟ ಶುರುವಾಗುತ್ತದೆ, ಕೆಲವೊಮ್ಮೆ ಪೂರ್ತಿ ಮೈ ನೀರ ಮೇಲೆ ಹಾರುತ್ತದೆ. ಟಿಪೆಟ್ ಹರಿಯುವುದು ಹೆಚ್ಚಾಗಿ ಆ ಹೊತ್ತಿಗೇ: ಮೀನು ಸೋತಿತೆಂದು ತಿಳಿದು ಡ್ರ್ಯಾಗ್ ಬಿಗಿದಿರುತ್ತಾರೆ ಅಥವಾ ಕೈಯಲ್ಲಿ ಲೈನ್ ಹಿಡಿದಿರುತ್ತಾರೆ. ಓಡುವಾಗ ಬಿಡಿ, ನಿಂತಾಗ ರಾಡ್ ಅನ್ನು ನೆಲಕ್ಕೆ ಹತ್ತಿರ ಬಾಗಿಸಿ ಮೀನು ಹೋಗುವ ದಿಕ್ಕಿಗೆ ವಿರುದ್ಧ ಪಕ್ಕಕ್ಕೆ ಎಳೆಯಿರಿ. ಮೀನು ಹತ್ತಿರ ಇರುವಾಗ ರಾಡ್ ಅನ್ನು ನೆಟ್ಟಗೆ ಎತ್ತಿ ಹಿಡಿದರೆ ತುದಿ ಮುರಿಯುತ್ತದೆ.

ನೆಟ್ಟನ್ನು ಮೊದಲೇ ನೀರಲ್ಲಿ ಮುಳುಗಿಸಿಟ್ಟು, ತಲೆ ಮೊದಲಾಗಿ ಮೀನನ್ನು ಅದರ ಮೇಲೆ ತನ್ನಿ. ಬಾಲದ ಕಡೆಯಿಂದ ಬಲೆ ಹಾಕಿದರೆ ಅದು ಮುಂದಕ್ಕೆ ನುಗ್ಗುತ್ತದೆ. ಕೈ ಒದ್ದೆ ಮಾಡಿಕೊಂಡು, ಮೀನು ನೀರಲ್ಲಿರುವಾಗಲೇ ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಫೋಟೋ ಬೇಕಿದ್ದರೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊರಗಿಡಬೇಡಿ, ಬಿಸಿ ಕಾಂಕ್ರೀಟಿನ ಮೇಲೆ ಮಲಗಿಸಲೇಬೇಡಿ. ಬಿಡುವಾಗ ಬಾಲದ ಬುಡ ಹಿಡಿದು ಹರಿವಿಗೆ ಮುಖ ಮಾಡಿಸಿ ನಿಲ್ಲಿಸಿ, ಅದಾಗಿಯೇ ಒದೆದು ಹೋಗುವವರೆಗೆ ಕಾಯಿರಿ. ಹಿಂದೆ ಮುಂದೆ ಆಡಿಸುವುದರಿಂದ ಉಪಯೋಗವಿಲ್ಲ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಫೀನಿಕ್ಸ್‌ನ ಬೇಸಿಗೆಯಲ್ಲಿ ಮುಂಜಾನೆ ಬಿಟ್ಟರೆ ಬೇರೆ ಹೊತ್ತು ಈ ಮೀನಿನ ತಂಟೆಗೆ ಹೋಗದಿರುವುದು ಸರಿ.

ಕರ್ನಾಟಕದ ಹೊಂಡಗಳಲ್ಲಿ

ಭಾರತಕ್ಕೆ ಹುಲ್ಲುಗೆಂಡೆ ಬಂದದ್ದು 1959ರಲ್ಲಿ, ಹಾಂಗ್‌ಕಾಂಗ್‌ನಿಂದ. ಕಾಟ್ಲಾ, ರೋಹು, ಮೃಗಾಲ್ ಜೊತೆಗೆ ಮಿಶ್ರ ಮೀನು ಸಾಕಣೆಯಲ್ಲಿ ಇದನ್ನೂ ಬಿಡುವುದು ನಮ್ಮಲ್ಲಿ ರೂಢಿ. ಊರ ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯಲ್ಲಿರುತ್ತದೆ, ಅಲ್ಲಿ ಗುತ್ತಿಗೆದಾರರ ಒಪ್ಪಿಗೆ ಬೇಕು. ಪರಿಚಿತ ರೈತರ ಕೃಷಿ ಹೊಂಡದಲ್ಲಿ ಅವರನ್ನು ಕೇಳಿ, ಹಿಡಿದ ಮೀನು ಅವರದ್ದೆಂದೇ ತಿಳಿದು ನಡೆದುಕೊಳ್ಳಿ.

ಸಾಕಿದ ಹೊಂಡದಲ್ಲಿ ಮೀನಿಗೆ ಹೊತ್ತಿನ ರೂಢಿ ಇರುತ್ತದೆ. ನೇಪಿಯರ್ ಹುಲ್ಲು ಹಾಕುವ ಬಿದಿರಿನ ಚೌಕಟ್ಟು ತೇಲುತ್ತಿದ್ದರೆ, ಹುಲ್ಲು ಹಾಕಿದ ಕೂಡಲೇ ಎಸೆಯಬೇಡಿ, ಅಷ್ಟು ಹುಲ್ಲಿನ ನಡುವೆ ನಿಮ್ಮ ಎಸಳು ಕಾಣುವುದಿಲ್ಲ. ಮುಕ್ಕಾಲು ಪಾಲು ಖಾಲಿಯಾದ ಮೇಲೆ ಚೌಕಟ್ಟಿನ ಹೊರ ಅಂಚಿಗೆ ಹುಲ್ಲಿನ ಫ್ಲೈ ಇಳಿಸಿ. ತಪ್ಪಿಸಿಕೊಂಡ ಚೂರುಗಳಿಗಾಗಿ ಕೆಲವು ಮೀನು ಅಲ್ಲೇ ಸುತ್ತುತ್ತಿರುತ್ತವೆ.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡವಾದರೆ ಎರಡು ಎಚ್ಚರ. ಒದ್ದೆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರಿಗೂ ಹತ್ತಿ ಬರಲಾಗದು, ಆದ್ದರಿಂದ ಬೇಲಿಯ ಒಳಗೆ ಒಬ್ಬರೇ ಹೋಗಬೇಡಿ, ದಡದ ಗೂಟಕ್ಕೆ ಕಟ್ಟಿದ ಹಗ್ಗ ನೀರಿನವರೆಗೂ ಇಳಿಬಿಟ್ಟಿರಲಿ. ಇನ್ನೊಂದು, ತಳಕ್ಕೆ ಸಿಕ್ಕಿಕೊಂಡ ಕೊಕ್ಕೆಯನ್ನು ಜಗ್ಗಬೇಡಿ, ಹಾಳೆ ಹರಿದರೆ ಹೊಂಡದ ನೀರೇ ಸೋರಿಹೋಗುತ್ತದೆ. ಲೈನ್ ಸಡಿಲಿಸಿ ಎದುರು ದಡದಿಂದ ಎಳೆದು ನೋಡಿ, ಬಿಡದಿದ್ದರೆ ಟಿಪೆಟ್ ಕತ್ತರಿಸಿ, ಜಾಗವನ್ನು ರೈತರಿಗೆ ತೋರಿಸಿ ಬನ್ನಿ.